ಎಡಗಿವಿಯ ಸಾಲು

ಇಲ್ಲ ಸಾರ್, ಬ್ರೌಸರ್ ಏನೂ ಕೆಡಿಸಿಲ್ಲ. ಈ ಮಾತನ್ನ ನಮ್ಮ ಕಂಪನಿಯ ದೊಡ್ಡ ಸಾರ್ ಮುಖಕ್ಕೇ ಹೇಳೋಣ ಅಂತಿದ್ದೆ, ಅವರು ಇವತ್ತು ಬಂದಿಲ್ಲ. ಕ್ಷಮಿಸಿ, ಮೊದಲು ಕರೆಯಬೇಕಾದ್ದು ನಿಮ್ಮನ್ನ. ವೇದಿಕೆ ಮೇಲಿರೋ ಅಧ್ಯಕ್ಷರೇ, ಅತಿಥಿಗಳೇ, ಕಾಫಿ ಬಂತಾ ಅಂತ ಬಾಗಿಲ ಕಡೆ ನೋಡ್ತಿರೋ ಸಭಿಕರೇ, ಎಲ್ಲರಿಗೂ ವಂದನೆ.

ಹತ್ತನೇ ಕ್ಲಾಸಿಗೇ ಓದು ಬಿಟ್ಟವನು ನಾನು. ಒಂದು ಕಡೆ ಕೂರೋ ಮೈಯಲ್ಲ ನಂದು. ಈ ಕಂಪನಿಗೆ ವೈರು ಎಳೆಯೋಕೆ ಬಂದೆ, ಕೋಡ್ ಬರೆಯೋಕೆ ಕೂತೆ. ಮಕ್ಕಳ ಕಿವಿ ಪರೀಕ್ಷೆ ಮಾಡೋ ನಮ್ಮ ಮಿಷನ್ ಇದೆಯಲ್ಲ, ಅದರೊಳಗಿನ ಪ್ರೋಗ್ರಾಂ ದೊಡ್ಡ ಸಾರ್ ಇಪ್ಪತ್ತೈದು ವರ್ಷದ ಹಿಂದೆ ಸಿ ಭಾಷೆಲಿ ಬರೆದದ್ದು. ಅದನ್ನ ಹಾಗೇ ತಗೊಂಡು, ಬ್ರೌಸರ್ ಒಳಗೆ ಓಡೋ ಹಾಗೆ ಕಂಪೈಲ್ ಮಾಡಿದೆ. ಇನ್ಮೇಲೆ ಮಿಷನ್ ಬೇಡ, ಪುಟ ತೆಗೆದರೆ ಸಾಕು. ಈ ಫಲಕ ಅದಕ್ಕೇ ಕೊಟ್ಟಿದ್ದು.

ಬಲಗಿವಿ ಚೆನ್ನಾಗಿ ಓಡ್ತು. ಎಡಗಿವಿಗೆ ಬಂದ ಕೂಡಲೇ ಬ್ರೌಸರ್ ನಿಂತುಬಿಡ್ತು. ಯಾಕೆ ನಿಲ್ತು? ಲೆಕ್ಕ ಹಾಕೋ ಭಾಗ ಮೂರು ಕೇಳುತ್ತೆ: ಸ್ವರ, ಜೋರು, ಮಗುವಿನ ವಯಸ್ಸು. ವಯಸ್ಸು ಆಮೇಲೆ ಸೇರಿಸಿದ್ದು. ಪ್ರೋಗ್ರಾಂನಲ್ಲಿ ಬಲಗಿವಿಯ ಸಾಲಿಗೆ ಸೇರಿಸಿದ್ದಾರೆ, ಎಡಗಿವಿಯ ಸಾಲಲ್ಲಿ ಮರೆತಿದ್ದಾರೆ. ಹಳೇ ಮಿಷನ್, ಆ ಜಾಗದಲ್ಲಿ ಬಿದ್ದಿದ್ದ ಯಾವುದೋ ಸಂಖ್ಯೆಯನ್ನೇ ವಯಸ್ಸು ಅಂತ ತಗೊಂಡು ಮುಂದೆ ಹೋಗೋದು. ಬ್ರೌಸರ್ ಹೋಗಲ್ಲ.

ದೊಡ್ಡ ಸಾರ್ ಅಂದ್ರು, "ಇಷ್ಟು ವರ್ಷ ಓಡಿದ್ದು ನಿನ್ನ ಕೈಗೆ ಬಂದು ಕೆಟ್ಟಿತೇನಯ್ಯಾ? ಬ್ರೌಸರ್ ಬಾಯಿ ಮುಚ್ಚಿಸು." ಮುಚ್ಚಿಸೋಕೂ ಕೋಡ್‌ನಲ್ಲಿ ಒಂದು ಸ್ವಿಚ್ ಇದೆ, ಹಾಕಿದರೆ ತಪ್ಪು ಕಂಡರೂ ನಿಲ್ಲದೆ ಓಡುತ್ತೆ. ಯಾರು ಹಾಕಿದ್ದು? ನಾನೇ. ಹದಿನಾಲ್ಕು ದಿನ ಆಯ್ತು.

ಭಾನುವಾರ ಮನೇಲಿ ಅಕ್ಕ ತನ್ನ ಹಳೇ ಹಾಳೆ ತಂದ್ಲು. ಐದನೇ ವಯಸ್ಸಲ್ಲಿ ನಮ್ಮ ಮಿಷನ್ನೇ ಕೊಟ್ಟ ಹಾಳೆ: ಎಡಗಿವಿ ಮಂದ. "ನಿನ್ನ ಪುಟ ಏನನ್ನುತ್ತೆ ನೋಡೋಣ, ಹಾಕೋ" ಅಂದ್ಲು. ಹಾಳೆಲಿದ್ದ ಸ್ವರ, ಜೋರಿನ ಅಂಕಿ ಹಾಕಿ, ಎಡಗಿವಿಯ ಸಾಲಿಗೆ ನಾನೇ 'ಐದು' ಅಂತ ವಯಸ್ಸು ಸೇರಿಸಿ ಒತ್ತಿದೆ. ಬಂದ ಉತ್ತರ: ಎರಡೂ ಕಿವಿ ಸರಿ.

ಚಿಕ್ಕವನಿದ್ದಾಗ ಅವಳ ಬೆನ್ನ ಹಿಂದೆ, ಎಡಗಡೆ ನಿಂತು 'ಕೋತಿ' ಅಂತ ಪಿಸುಗುಡ್ತಿದ್ದೆ. ತಿರುಗದೇನೇ ತಲೆಗೆ ಮೊಟಕೋಳು. ತುಟಿ ನೋಡಿ ತಿಳ್ಕೋತಾಳೆ ಅಂತ ಅಮ್ಮ ಅನ್ನೋಳು. ಬೆನ್ನ ಹಿಂದಿರೋ ತುಟಿನ ಯಾರು ನೋಡ್ತಾರೆ ಸಭಿಕರೇ? ನಾವ್ಯಾರೂ ಯಾಕೆ ಕೇಳ್ಕೊಳ್ಳಲಿಲ್ಲ? ಆ ಹಾಳೆ ನಂಬಿ ಕೊಡಿಸಿದ್ದ ಹಿಯರಿಂಗ್ ಏಡ್ ಎಡಗಿವಿಗೆ ಹಾಕಿದಾಗೆಲ್ಲ ಜೋರು, ಜೋರು ಅಂತ ಅಳೋಳು. ಹಿಡಿದು ಹಾಕ್ತಿದ್ವಿ. ಇಪ್ಪತ್ತು ವರ್ಷ ಆ ಜೋರು ತಿಂದು, ಈಗ ಆ ಕಿವಿ ನಿಜಕ್ಕೂ ಮಂದ.

ಅಕ್ಕ ಕಿವಿಯಿಂದ ಹಿಯರಿಂಗ್ ಏಡ್ ತೆಗೆದು ಮೇಜಿನ ಮೇಲಿಟ್ಲು. "ಹಾಗಾದ್ರೆ ಆಗ ನಂಗೆ ಕೇಳ್ತಿತ್ತೇನೋ?" ಅಂದ್ಲು.

ವೇದಿಕೆ ಹತ್ತೋ ಮುಂಚೆ ಆ ಸ್ವಿಚ್ಚೂ, ಅಕ್ಕನಿಗೆ ಅಂತ ಸೇರಿಸಿದ್ದ ಐದೂ ತೆಗೆದು ಬಂದಿದ್ದೀನಿ. ಈಗ ಅತಿಥಿಗಳು ಉದ್ಘಾಟನೆಗೆ ಗುಂಡಿ ಒತ್ತಿದರೆ ಪುಟ ಎಡಗಿವಿಯಲ್ಲಿ ನಿಲ್ಲುತ್ತೆ. ನಿಲ್ಲಲಿ. ಹಳೇ ಹಾಳೆಗಳ ಕೋಣೆ ಪಕ್ಕದಲ್ಲೇ ಇದೆ, ಬೀಗದ ಕೈ ನನ್ನ ಜೇಬಲ್ಲಿದೆ. ಮಗುವಿನ ಎಡಗಿವಿ ಮತ್ತೆ ಪರೀಕ್ಷೆ ಮಾಡಿಸಿ ಅಂತ ಒಂದೊಂದೇ ಮನೆಗೆ ಫೋನ್ ಮಾಡ್ತೀನಿ. ಫಲಕ ಇಲ್ಲೇ ಇಟ್ಟಿದ್ದೀನಿ.

ಇಷ್ಟು ಹೊತ್ತು ಕಿವಿಗೊಟ್ಟಿದ್ದಕ್ಕೆ ಧನ್ಯವಾದ, ನಮಸ್ಕಾರ. ಯಾರೂ ಏಳಬೇಡಿ. ಬಾಗಿಲು ನಾನೇ ಹಾಕ್ಕೊಂಡು ಹೋಗ್ತೀನಿ.