ಕತ್ತರಿಸದೆ ಕೊಟ್ಟದ್ದು

ಶಿವಾಜಿನಗರದ ನಿಲ್ದಾಣದಲ್ಲಿ ಬಾಣಸವಾಡಿ ಬಸ್ಸಿಗೆ ಕಾಯುತ್ತಿದ್ದಾಗ, ನನ್ನ ಪಕ್ಕದಲ್ಲಿದ್ದ ಟೀಚರೊಬ್ಬರು ಮಟನ್ ಅಂಗಡಿಯವರೊಬ್ಬರನ್ನು ಮಾತಾಡಿಸಿದರು.

"ಅಸ್ಗರ್ ಭಾಯ್, ಕ್ಲಾಸಲ್ಲಿ ತೋರಿಸೋಕೆ ಕುರಿ ಗುಂಡಿಗೆ ಮಾತ್ರ ಕೇಳಿದ್ರೆ ಶ್ವಾಸಕೋಶ, ಗಾಳಿ ಕೊಳವೆ ಎಲ್ಲಾ ಕಳಿಸಿದ್ದೀರಲ್ಲ!"

"ಒಂದಕ್ಕೊಂದು ಅಂಟ್ಕೊಂಡೇ ಇರುತ್ತೆ ಮೇಡಂ. ಕತ್ತರಿಸಿದ್ರೆ ಮಕ್ಕಳಿಗೇನು ಗೊತ್ತಾಗುತ್ತೆ?"

"ನಿಮ್ಮ ಮಗಳು ಮಾಹಿರಾ ಕೊಳವೆಯೊಳಗೆ ಪೈಪಿಟ್ಟು ಊದಿದ್ಲು. ಶ್ವಾಸಕೋಶ ಉಬ್ಕೊಳ್ತು. ಗಾಳಿ ಇಲ್ಲಿ ರಕ್ತಕ್ಕೆ ಸೇರುತ್ತೆ, ಆ ರಕ್ತಾನ ಗುಂಡಿಗೆ ಮೈಗೆಲ್ಲಾ ಕಳಿಸುತ್ತೆ ಅಂತ ಅವಳೇ ಪಾಠ ಮಾಡಿದ್ಲು."

"ಅಪ್ಪ ಏನ್ಮಾಡ್ತಾರೆ ಅಂತ ಯಾರೂ ಕೇಳ್ಲಿಲ್ವಾ? ಬರೀ 'ಬಿಸಿನೆಸ್' ಅಂತ ಹೇಳು ಅಂದಿದ್ದೆ ಅವಳಿಗೆ."

"'ನಮ್ಮ ಅಬ್ಬಾ ಕುರಿ ಕಡೀತಾರೆ, ಅವರೇ ಹೇಳಿಕೊಟ್ಟಿದ್ದು' ಅಂದ್ಲು. ಕ್ಲಾಸೆಲ್ಲಾ ಚಪ್ಪಾಳೆ!"

ಅಸ್ಗರ್ ಭಾಯ್ ಕತ್ತಿನ ಟವೆಲಿನಿಂದ ಮುಖ ಒರೆಸಿಕೊಂಡರು.

"ಮುಂದೇನು ಪಾಠ ಮೇಡಂ?"

"ಜೀರ್ಣಾಂಗ. ಹೊಟ್ಟೆ, ಕರುಳು ಕಳಿಸ್ತೀರಾ?"

"ಕಳಿಸಲ್ಲ. ಈ ಸಲ ನಾನೇ ಸ್ಕೂಲಿಗೆ ತರ್ತೀನಿ."

ಬಸ್ಸು ಬಂದಿತು. ಇಬ್ಬರೂ ಮಾತಾಡುತ್ತಲೇ ಹತ್ತಿದರು.