ಮೂರನೆಯ ಸಾಲಿನ ಕೊನೆಯಲ್ಲಿ

ಏಳನೆಯ ವಯಸ್ಸಿನಿಂದ ನನಗೆ ಹಾಡು ಕಲಿಸಿದ, ಈ ಮಕ್ಕಳೆಲ್ಲ ದೊಡ್ಡ ಟೀಚರ್ ಎಂದು ಕರೆಯುವ, ಇಂದಿನ ಅಧ್ಯಕ್ಷರಾದ ನನ್ನ ಗುರುಗಳೇ. ಈ ಓದುವ ಕೋಣೆಯನ್ನು ನಮಗೆ ಬಿಟ್ಟುಕೊಟ್ಟು, ಬಹುಶಃ ಜೀವನದಲ್ಲಿ ಮೊದಲ ಸಲ ಯಾರಿಗೂ ‘ಸದ್ದು ಮಾಡಬೇಡಿ’ ಎನ್ನದೆ ಎರಡು ಗಂಟೆ ಕೂತಿರುವ ಗ್ರಂಥಪಾಲಕರೇ. ನನ್ನ ಹಾಗೆಯೇ ಮನೆಯಲ್ಲಿ ಪಾಠ ಹೇಳುವ ಸಂಗೀತ ಶಿಕ್ಷಕಿಯರೇ. ತಂದೆ ತಾಯಂದಿರೇ, ಅಜ್ಜ ಅಜ್ಜಿಯರೇ. ಹಾಡಿ ಮುಗಿಸಿದ ನೆಮ್ಮದಿಯಲ್ಲಿ ಆಗಲೇ ಬೂಟು ಬಿಚ್ಚಿ ಕೂತಿರುವ ಒಂಬತ್ತು ಮಕ್ಕಳೇ. ಮತ್ತು ಎಲ್ಲ ಸಭಿಕರೇ,

ವಂದನಾರ್ಪಣೆ ನನ್ನ ಪಾಲಿಗೆ ಬಂದಿದೆ. ಮೂರು ನಿಮಿಷ ಎಂದು ಗ್ರಂಥಪಾಲಕರು ಹೇಳಿದ್ದಾರೆ. ಆದರೆ ನಾನು ಸರಿಯಾಗಿ ನಿದ್ದೆ ಮಾಡಿ ಹನ್ನೊಂದು ತಿಂಗಳಾಯಿತು. ನಿಮಿಷಗಳ ಲೆಕ್ಕ ನನ್ನಿಂದ ನಿರೀಕ್ಷಿಸಬೇಡಿ.

ನಮ್ಮ ಕಾರ್ಯಕ್ರಮದಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ನೀವೆಲ್ಲ ಅದನ್ನು ಸಹಿಸಿಕೊಂಡಿದ್ದೀರಿ. ವರ್ಷದ ಒಂದು ಹಾಡನ್ನು ಎಲ್ಲ ಮಕ್ಕಳೂ ಹಾಡಬೇಕು, ಅದೂ ಒಬ್ಬೊಬ್ಬರಾಗಿ. ಅಂದರೆ ನೀವು ಇವತ್ತು ನದಿಯ ಹಾಡನ್ನು ಒಂಬತ್ತು ಸಲ ಕೇಳಿದ್ದೀರಿ. ಐದನೆಯ ನದಿ ಹರಿಯುವಾಗ ಹಿಂದೆ ಕೂತ ಅಜ್ಜ ಒಬ್ಬರು, “ಇನ್ನೆಷ್ಟು ನೀರಿದೆಯಮ್ಮ?” ಎಂದು ಸೊಸೆಯನ್ನು ಕೇಳಿದ್ದು ವೇದಿಕೆಯವರೆಗೂ ಕೇಳಿಸಿತು. ಅಜ್ಜ, ಕ್ಷಮಿಸಿ.

ಈ ಪದ್ಧತಿ ನನ್ನದಲ್ಲ, ದೊಡ್ಡ ಟೀಚರದು. ಚಿಕ್ಕವಳಿದ್ದಾಗ ನಾನೂ ಕೇಳಿದ್ದೆ, ಯಾಕೆ ಟೀಚರ್, ಎಲ್ಲರೂ ಒಟ್ಟಿಗೆ ಹಾಡಿದರೆ ಬೇಗ ಮುಗಿಯುವುದಿಲ್ಲವೇ ಎಂದು. ಅದಕ್ಕೆ ಅವರು ಹೇಳಿದ್ದು ಇಷ್ಟು. “ಒಬ್ಬಳು ತಪ್ಪಿದ್ರೆ ಅದು ಅವಳ ತಪ್ಪು. ಎಲ್ರೂ ಒಂದೇ ಕಡೆ ತಪ್ಪಿದ್ರೆ ಅದು ನನ್ನದು. ನನ್ನದು ಎಲ್ಲಿದೆ ಅಂತ ನಂಗೆ ಗೊತ್ತಾಗ್ಬೇಕಲ್ಲ ಕಣೇ.”

ಮಕ್ಕಳ ಕಾರ್ಯಕ್ರಮ ಮಕ್ಕಳಿಗಾಗಿ ಎಂದು ನಾವು ಅಂದುಕೊಳ್ಳುತ್ತೇವೆ. ಅವರಿಗೆ ಧೈರ್ಯ ಬರುತ್ತದೆ, ನಿಮಗೆ ಫೋಟೋ ಸಿಗುತ್ತದೆ. ಆದರೆ ಮನೆಯಲ್ಲಿ ಪಾಠ ಹೇಳುವವಳಿಗೆ ಏನು ಸಿಗುತ್ತದೆ? ಶಾಲೆಯ ಮೇಷ್ಟ್ರಿಗೆ ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ಮೇಷ್ಟ್ರು ಇರುತ್ತಾರೆ. ನಮಗೆ ಯಾರಿದ್ದಾರೆ? ಒಂದು ಚಾಪೆ, ಒಂದು ಶ್ರುತಿ ಪೆಟ್ಟಿಗೆ, ಎದುರಿಗೆ ಒಂದು ಮಗು. ನಾವು ಸರಿಯಾಗಿ ಕಲಿಸುತ್ತಿದ್ದೇವೆಯೇ ಎಂದು ಆ ಮಗುವನ್ನು ಕೇಳುವಂತಿಲ್ಲ. ಕೇಳದೆ ಇದ್ದರೂ ಒಮ್ಮೊಮ್ಮೆ ಅದು ಹೇಳಿಬಿಡುತ್ತದೆ.

ಹಾಗೆ ಹೇಳಿದವಳು ನಾವೆಲ್ಲ ಜೀರುಂಡೆ ಎಂದು ಕರೆಯುವ ಹುಡುಗಿ. ಇಲ್ಲೇ ಕೂತಿದ್ದಾಳೆ, ಎಂಟು ವರ್ಷದವಳು. ಮೂರು ವಾರದ ಕೆಳಗೆ ಪಾಠ ಮುಗಿದಾಗ ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದಳು, “ಟೀಚರ್, ನಾನು ಎರಡನೇ ಸಾಲನ್ನ ಬೇಕೂಂತ ತಪ್ಪು ಹಾಡಿದೆ. ನೀವು ಯಾಕೆ ಚೆನ್ನಾಗಿದೆ ಅಂದ್ರಿ?”

ಆ ಸಾಲನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ.

ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿದವಳು. ಮೊದಲ ಐದು ವಾರ ಅವಳನ್ನು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯ ಆಚೆಯಿಂದ ನೋಡಿದ್ದೇನೆ. ಈಗ ಗುಂಡುಗುಂಡಗಿದ್ದಾಳೆ, ಡಾಕ್ಟರು ಫೈಲು ಮುಚ್ಚಿದ್ದಾರೆ. ನಾನು ಮುಚ್ಚಿಲ್ಲ. ಅವಳು ಮಲಗಿದ್ದರೆ ಉಸಿರಾಡುತ್ತಿದ್ದಾಳೆಯೇ ಎಂಬ ಚಿಂತೆ, ಎದ್ದಿದ್ದರೆ ಮಲಗಲಿಲ್ಲವಲ್ಲ ಎಂಬ ಚಿಂತೆ. ಪೌಡರ್ ಡಬ್ಬಿಯ ಚಿಕ್ಕ ಕನ್ನಡಿಯನ್ನು ಅವಳ ಮೂಗಿನ ಹತ್ತಿರ ಹಿಡಿದು, ಅದು ಮಬ್ಬಾಗುವುದನ್ನು ನೋಡಿ ಬಂದು ಪಾಠಕ್ಕೆ ಕೂರುತ್ತೇನೆ. ಇದನ್ನು ನನ್ನ ಗಂಡನಿಗೂ ಹೇಳಿರಲಿಲ್ಲ. ಈಗ ಮೈಕಿನಲ್ಲಿ ಹೇಳಿಬಿಟ್ಟೆ. ಅವರು ಮುಂದಿನ ಕುರ್ಚಿಯಲ್ಲೇ ಮಗುವನ್ನು ಎತ್ತಿಕೊಂಡು ಕೂತಿದ್ದಾರೆ. ತಲೆ ಆಡಿಸುತ್ತಿರುವುದನ್ನು ನೋಡಿದರೆ ಅವರಿಗೆ ಮೊದಲೇ ಗೊತ್ತಿತ್ತು ಎನಿಸುತ್ತದೆ.

ಜೀರುಂಡೆಯ ಪ್ರಶ್ನೆಯ ಮರುದಿನ ನಿಮಗೆಲ್ಲ ಒಂದು ಪತ್ರ ಬರೆದೆ. ಮುಂದಿನ ತಿಂಗಳಿನಿಂದ ತರಗತಿ ಇರುವುದಿಲ್ಲ, ಅರ್ಧ ಕಿವಿಯಲ್ಲಿ ಪಾಠ ಹೇಳುವುದು ನಿಮ್ಮ ಮಕ್ಕಳಿಗೆ ಮಾಡುವ ಮೋಸ, ಕಾರ್ಯಕ್ರಮದ ಕೊನೆಗೆ ಬೀಳ್ಕೊಳ್ಳುತ್ತೇನೆ ಎಂದು. ಒಂಬತ್ತು ಪ್ರತಿಗಳು ಈ ಕೈಚೀಲದಲ್ಲಿವೆ, ಮಗುವಿನ ಬಟ್ಟೆಯ ಕೆಳಗೆ. ಇದೇ ಮೂರು ನಿಮಿಷದಲ್ಲಿ ಅದನ್ನು ಓದಬೇಕೆಂದು ಬಂದಿದ್ದೆ.

ಅಷ್ಟರಲ್ಲಿ ಮಕ್ಕಳು ಹಾಡಿದರು.

ನೀವೂ ಗಮನಿಸಿರಬೇಕು. ಮೊದಲ ಹುಡುಗಿ ಮೂರನೆಯ ಸಾಲಿನ ಕೊನೆಗೆ ಬಂದಳು, ಸ್ವರವನ್ನು ತೆಳ್ಳಗೆ ಎಳೆದಳು, ನಿಲ್ಲಿಸಿದಳು, ಕತ್ತನ್ನು ಬಲಕ್ಕೆ ತಿರುಗಿಸಿದಳು. ಒಂದು ಕ್ಷಣ. ಆಮೇಲೆ ನಾಲ್ಕನೆಯ ಸಾಲಿಗೆ ಹೋದಳು. ಮರೆತಿರಬೇಕು ಎಂದುಕೊಂಡೆ. ಎರಡನೆಯವಳೂ ಅಲ್ಲೇ ನಿಂತಳು, ಬಲಕ್ಕೆ ತಿರುಗಿದಳು. ಮೂರನೆಯವಳು ತಿರುಗಿದಾಗ ತಂದೆ ಒಬ್ಬರು ಎದ್ದು ಹೋಗಿ, ಯಾರು ಬಂದರೋ ಎಂದು ಆ ಪಕ್ಕದ ಬಾಗಿಲು ತೆರೆದು ನೋಡಿದರು. ಅಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಬಿಟ್ಟರೆ ಏನೂ ಇರಲಿಲ್ಲ.

ನಾಲ್ಕನೆಯವಳು ತಿರುಗಿದಾಗ ನನಗೆ ಹೊಳೆಯಿತು. ನಮ್ಮ ಮನೆಯಲ್ಲಿ ನಾನು ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇನೆ, ಮಕ್ಕಳು ನನ್ನ ಎದುರು. ಅವರ ಬಲಗಡೆ ಒಂದು ಬಾಗಿಲಿದೆ. ನಿಘಂಟು ಅಡ್ಡ ಇಟ್ಟು ಅದನ್ನು ಅರ್ಧ ತೆರೆದಿರುತ್ತೇನೆ. ಅದರ ಆಚೆ ತೊಟ್ಟಿಲು. ಈ ಹಾಡಿನಲ್ಲಿ ಮೂರನೆಯ ಸಾಲಿನ ಕೊನೆಗೆ ಮಾತ್ರ ಸ್ವರ ಅಷ್ಟು ತೆಳ್ಳಗಾಗುತ್ತದೆ. ಒಳಗಿನ ಸದ್ದು ಕೇಳಿಸಬಹುದಾದ ಜಾಗ ಅದೊಂದೇ. ಅಲ್ಲಿ ನಾನು ನಿಲ್ಲಿಸಿ, ಬಾಗಿಲ ಕಡೆ ತಿರುಗಿ, ಕಿವಿ ಕೊಡುತ್ತೇನೆ. ದಿನವೂ, ಪ್ರತಿ ಪಾಠದಲ್ಲೂ. ಮಕ್ಕಳು ಅದನ್ನು ಹಾಡಿನ ಜೊತೆಗೇ ಕಲಿತುಬಿಟ್ಟಿದ್ದಾರೆ. ಇಷ್ಟು ತಿಂಗಳು ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ ಎಂದರೆ, ಅವರು ತಿರುಗುವ ಹೊತ್ತಿಗೆ ನಾನೂ ತಿರುಗಿರುತ್ತಿದ್ದೆ.

ಎಲ್ಲರೂ ಒಂದೇ ಕಡೆ ತಪ್ಪಿದರೆ ಯಾರ ತಪ್ಪು ಎಂದು ಆಗಲೇ ಹೇಳಿದೆನಲ್ಲ.

ಆರನೆಯವಳ ಹೊತ್ತಿಗೆ ದೊಡ್ಡ ಟೀಚರ್ ನನ್ನ ಕಡೆ ಬಾಗಿ ಪಿಸುಗುಟ್ಟಿದರು, “ಏನೇ ಅದು ಬಲಗಡೆ?”

“ಪಾಪು ಮಲಗೋ ಕೋಣೆ,” ಎಂದೆ.

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕೂತರು. ಅಳುತ್ತಿದ್ದಾರೇನೋ ಎಂದುಕೊಂಡೆ. ನಗುತ್ತಿದ್ದರು. ಆಮೇಲೆ ಹೇಳಿದರು, “ನೀನು ಇವತ್ತಿಗೂ ಯಾವ ಹಾಡು ಹಾಡಿದ್ರೂ ಕೊನೇ ಸಾಲನ್ನ ಓಡಿಸ್ತೀಯ. ಯಾಕೆ ಗೊತ್ತಾ? ನಾನು ಒಲೆ ಮೇಲೆ ಹಾಲಿಟ್ಟು ಪಾಠಕ್ಕೆ ಕೂರ್ತಿದ್ದೆ.”

ಸಭಿಕರೇ, ಇಪ್ಪತ್ತು ವರ್ಷದಿಂದ ಆ ಅವಸರ ನನ್ನ ಸ್ವಭಾವ ಎಂದು ನಾನು ನಂಬಿದ್ದೆ. ಕಾಲೇಜಿನ ಸ್ಪರ್ಧೆಯಲ್ಲಿ ತೀರ್ಪುಗಾರರು ಅದನ್ನು ನನ್ನ ‘ವಿಶಿಷ್ಟ ಶೈಲಿ’ ಎಂದು ಬರೆದೂ ಕೊಟ್ಟಿದ್ದರು. ಅದು ಉಕ್ಕುವ ಹಾಲು.

“ನಿಮಗೆ ಯಾವಾಗ ಗೊತ್ತಾಯ್ತು ಟೀಚರ್?”

“ನಿಮ್ಮ ಕಾರ್ಯಕ್ರಮದಲ್ಲೇ. ಹದಿನಾಲ್ಕು ಜನ ಕೊನೇ ಸಾಲಲ್ಲಿ ಓಡಿದ್ರಿ. ಮಾರನೇ ದಿನದಿಂದ ಪಾಠ ಮುಗಿದ ಮೇಲೆ ಹಾಲು ಕಾಯಿಸಿದೆ. ಪಾಠ ಬಿಡಬೇಕು ಅಂತ ಮಾತ್ರ ನಂಗೆ ಹೊಳೀಲಿಲ್ಲ ಕಣೇ.”

ಪತ್ರದ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ನನ್ನ ಕೈಚೀಲದೊಳಗೆ ಅವರು ಹೇಗೆ ಇಣುಕಿದರೋ ತಿಳಿಯದು.

ಕೊನೆಗೆ ಹಾಡಿದವಳು ಜೀರುಂಡೆ. ಅವಳೂ ನಿಲ್ಲಿಸಿದಳು, ತಿರುಗಿದಳು. ಆದರೆ ಅವಳು ಉಳಿದವರಿಗಿಂತ ಹೆಚ್ಚು ಹೊತ್ತು ನಿಂತು, ಸಣ್ಣಗೆ ತಲೆಯಾಡಿಸಿ, ಆಮೇಲೆ ಮುಂದೆ ಹೋದಳು. ಈಗ ಸ್ವಲ್ಪ ಹೊತ್ತಿನ ಮುಂಚೆ ಆ ಪುಸ್ತಕದ ಕಪಾಟಿನ ಹಿಂದೆ ಅವಳನ್ನು ಹಿಡಿದು ಕೇಳಿದೆ, ಅಲ್ಲಿ ಯಾಕೆ ನಿಲ್ಲಿಸಿದೆ, ಹಾಡಿನಲ್ಲಿ ಹಾಗಿಲ್ಲವಲ್ಲ ಎಂದು.

“ಹಾಡಲ್ಲಿಲ್ಲ, ಗೊತ್ತು,” ಎಂದಳು. “ಪಾಪು ಅಳ್ತಿದೆಯಾ ಅಂತ ಕೇಳಿಸ್ಕೋಬೇಕಲ್ಲ. ನಾವೆಲ್ರೂ ಕೇಳಿಸ್ಕೋತೀವಿ. ನೀವೊಬ್ರೇ ಕೇಳಿಸ್ಕೊಂಡ್ರೆ ನಿಮಗೆ ನಂಬಿಕೆ ಬರಲ್ಲ ಅಲ್ವಾ ಟೀಚರ್.”

ಇಷ್ಟು ತಿಂಗಳು ಆ ಬಾಗಿಲಿಗೆ ಕಿವಿ ಕೊಟ್ಟವಳು ನಾನೊಬ್ಬಳೇ ಎಂದು ತಿಳಿದಿದ್ದೆ. ಹತ್ತು ಜನ ಇದ್ದೆವು.

ಹೀಗಾಗಿ ಪತ್ರಗಳು ಮಗುವಿನ ಬಟ್ಟೆಯ ಕೆಳಗೇ ಇರಲಿ. ಒಂದಿಷ್ಟು ಒದ್ದೆಯೂ ಆಗಿವೆ, ಯಾರಿಗೂ ಕೊಡುವಂತಿಲ್ಲ. ಸೋಮವಾರ ಎಂದಿನ ಹೊತ್ತಿಗೆ ಮಕ್ಕಳನ್ನು ಕಳಿಸಿ. ತೊಟ್ಟಿಲು ಪಾಠದ ಕೋಣೆಗೆ ಬಂದಿರುತ್ತದೆ, ನನ್ನ ಪಕ್ಕಕ್ಕೆ. ನಿಘಂಟು ಕಪಾಟಿಗೆ ಹೋಗಿರುತ್ತದೆ. ಮಗು ಅತ್ತರೆ ನಿಲ್ಲಿಸುತ್ತೇವೆ, ಅಳದಿದ್ದರೆ ಹಾಡುತ್ತೇವೆ. ಜೀರುಂಡೆ, ಎರಡನೆಯ ಸಾಲನ್ನು ಬೇಕೆಂದೇ ತಪ್ಪು ಹಾಡಿ ನೋಡು. ಈ ಸಲ ಹಿಡಿಯುತ್ತೇನೆ.

ಶಿಕ್ಷಕಿಯರೇ, ನಿಮ್ಮ ಮನೆಗಳಲ್ಲಿ ಯಾವ ಬಾಗಿಲಿದೆ, ಯಾವ ಒಲೆಯಿದೆ ಎಂದು ನನಗೆ ಗೊತ್ತಿಲ್ಲ. ಮಕ್ಕಳನ್ನು ಒಬ್ಬೊಬ್ಬರಾಗಿ ಹಾಡಿಸಿ, ನೀವು ಸುಮ್ಮನೆ ಕೂತು ಕೇಳಿ. ಹೇಳಬೇಕೆಂದಿದ್ದದ್ದು ಇಷ್ಟೇ.

ಗ್ರಂಥಪಾಲಕರು ಬೀಗದ ಕೈ ತೆಗೆದಿದ್ದಾರೆ. ಅವರಿಗೆ ವಂದನೆ. ಒಂಬತ್ತು ನದಿ ದಾಟಿದ ತಂದೆ ತಾಯಂದಿರಿಗೆ, ವಿಶೇಷವಾಗಿ ಆ ಅಜ್ಜನಿಗೆ ವಂದನೆ. ಕುರ್ಚಿ ಜೋಡಿಸಿದವರಿಗೆ, ಬಾಗಿಲು ತೆರೆದು ನೋಡಿದವರಿಗೆ, ಒಂಬತ್ತು ಸಲವೂ ನಿದ್ದೆಯಲ್ಲೇ ಇದ್ದ ಮಗುವಿಗೆ, ಅದನ್ನು ಎತ್ತಿಕೊಂಡ ಕೈ ಜೋಮು ಹಿಡಿದರೂ ಕದಲದ ಅದರ ಅಪ್ಪನಿಗೆ, ಮತ್ತು ನನ್ನ ಗುರುಗಳಿಗೆ.

ಮಕ್ಕಳೇ, ಬೂಟು ಇಲ್ಲದಿದ್ದರೂ ಪರವಾಗಿಲ್ಲ, ಮೇಲೆ ಬನ್ನಿ. ಹತ್ತನೆಯ ನದಿ ಎಲ್ಲರೂ ಒಟ್ಟಿಗೆ, ನಾನೂ ನಿಮ್ಮ ಜೊತೆ. ಮೂರನೆಯ ಸಾಲಿನ ಕೊನೆಯಲ್ಲಿ ಯಾರೂ ಬಲಕ್ಕೆ ತಿರುಗಬೇಡಿ, ಪಾಪು ಎದುರಿಗೇ ಇದ್ದಾಳೆ. ಕೊನೆಯ ಸಾಲಿನಲ್ಲಿ ನಾನು ಓಡಿದರೆ ಸಭಿಕರು ಮನ್ನಿಸಬೇಕು. ಆ ಹಾಲು ದೊಡ್ಡ ಟೀಚರ್ ಮನೆಯದು.

ಎಲ್ಲರಿಗೂ ನಮಸ್ಕಾರ.