ಚಿಂಚೋಳಿ ಬಸ್ ನಿಲ್ದಾಣದಲ್ಲಿ ನಾನು ಸೀಟಿ ಊದಿದ ಬಗ್ಗೆ

ಹೆಸರು: ದೇವಾನಂದ ತಂದೆ ಲಾಲಪ್ಪ ಕಟ್ಟಿಮನಿ. ವಯಸ್ಸು: 43 ವರ್ಷ. ಉದ್ಯೋಗ: ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ವಾಸ: ವಾಡಿ, ತಾಲ್ಲೂಕು ಚಿತ್ತಾಪುರ, ಜಿಲ್ಲೆ ಕಲಬುರಗಿ.

ಇಂದು ದಿನಾಂಕ 08-02-2025ರಂದು ಸಂಜೆ ಠಾಣೆಗೆ ಕರೆಸಿ ವಿಚಾರಿಸಲಾಗಿ, ಯಾರೂ ಹೇಳಿಕೊಡದೆ, ಯಾರೂ ಹೆದರಿಸದೆ, ನನ್ನ ಬಾಯಿಂದಲೇ ಈ ಮೂಲಕ ತಿಳಿಸುವುದೇನೆಂದರೆ:

ನಾನು ಹದಿನೇಳು ವರ್ಷದಿಂದ ದೈಹಿಕ ಶಿಕ್ಷಕನಾಗಿದ್ದೇನೆ. ನಮ್ಮ ಶಾಲೆಯಲ್ಲಿ ಸ್ಕೌಟ್ ದಳ ಶುರು ಮಾಡಬೇಕಾಗಿದ್ದು, ಅದಕ್ಕೆ ತರಬೇತಿ ಪಡೆದವರೊಬ್ಬರು ಬೇಕೆಂದು ಮುಖ್ಯಗುರುಗಳು ನನ್ನನ್ನು ಕೇಳದೆಯೇ ನನ್ನ ಹೆಸರು ಕಳಿಸಿದರು. ಅದರಂತೆ ಈ ತಿಂಗಳ 2ರಿಂದ ಇಂದಿನವರೆಗೆ ಚಿಂಚೋಳಿ ತಾಲ್ಲೂಕಿನ ಐನಾಪುರದ ಶಾಲೆಯೊಂದರಲ್ಲಿ ನಡೆದ ವಸತಿ ಶಿಬಿರದಲ್ಲಿ ನಾನು ಇದ್ದೆನು. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಕಡೆಯಿಂದ ಗಂಡಸರು, ಹೆಂಗಸರು ಸೇರಿ ಒಟ್ಟು ಇಪ್ಪತ್ತೆರಡು ಜನ ಬಂದಿದ್ದರು. ಮಕ್ಕಳನ್ನು ಮುನ್ನಡೆಸುವವರು ಮೊದಲು ಮಕ್ಕಳ ಹಾಗೆ ಇದ್ದು ನೋಡಬೇಕೆಂಬುದು ಅಲ್ಲಿಯ ಪದ್ಧತಿ. ನಮ್ಮನ್ನು ಟೋಳಿಗಳಾಗಿ ಮಾಡಿ, ಪಾತ್ರೆ ತೊಳೆಸಿ, ಡೇರೆ ಕಟ್ಟಿಸಿ, ಆಟ ಆಡಿಸಿದರು. ನಮ್ಮ ಟೋಳಿಗೆ ನಾನು ನಾಯಕ. ನಮ್ಮ ಟೋಳಿಯಲ್ಲಿದ್ದ ಮಜೀದಸಾಬ ಇವರು ಶಹಾಬಾದದ ಶಿಕ್ಷಕರು, ಐವತ್ತೇಳು ವಯಸ್ಸಿನವರು. ಅವರನ್ನು ನಾನು ಚಾಚಾ ಎನ್ನುತ್ತೇನೆ.

ಸೀಟಿಯ ಬಗ್ಗೆ ನನ್ನ ಮೇಲಿನ ದೂರಿನಲ್ಲಿ ಬರೆದಿರುವುದರಿಂದ ಅದನ್ನು ಬಿಡಿಸಿ ಹೇಳುತ್ತೇನೆ. ಶಿಬಿರದಲ್ಲಿ ಸಣ್ಣ ಸಣ್ಣ ಸೀಟಿ ಒಂದರ ಹಿಂದೊಂದು ಊದಿದರೆ, ಕೈಯಲ್ಲಿದ್ದದ್ದು ಬಿಟ್ಟು ಓಡಿಬಂದು ಕುದುರೆ ಲಾಳದ ಆಕಾರದಲ್ಲಿ ನಿಲ್ಲಬೇಕು. ಕೊನೆಗೆ ಬಂದವರು ಎಲ್ಲರ ಮುಂದೆ ಹಾಡಬೇಕು. ಚಾಚಾ ನಾಲ್ಕು ದಿನ ಹಾಡಿದರು, ಐದನೇ ದಿನದಿಂದ ಅವರೂ ಓಡತೊಡಗಿದರು. ನನಗೆ ಮೊದಲಿನಿಂದಲೂ ಸೀಟಿಯ ಚಟ. ಶಾಲೆಯಲ್ಲಿ ಹುಡುಗರಿಗೆ ಬಾಯಿಂದ ಹೇಳುವುದಕ್ಕಿಂತ ಸೀಟಿಯಿಂದ ಹೇಳುವುದೇ ಹೆಚ್ಚು. ಮೂರನೇ ದಿನ ಶಿಬಿರದ ಮುಖ್ಯಸ್ಥರಾದ ಸಿದ್ಧಲಿಂಗ ಎಂಬವರು ಎಲ್ಲರೆದುರು ನನಗೆ, "ದೇವಾನಂದ ಮಾಸ್ತರ್, ಸೀಟಿ ಊದಿದ್ರ ಎಲ್ಲಾರೂ ಬರ್ತಾರ. ಸೀಟಿ ಇಲ್ದ ನಿಮ್ಮ ಹತ್ರ ಯಾರರ ಬರ್ತಾರೇನ್ರಿ?" ಎಂದು ಕೇಳಿದರು. ಅವರು ನನಗಿಂತ ಹನ್ನೊಂದು ವರ್ಷ ಸಣ್ಣವರು. ನನಗೆ ಮೈಯೆಲ್ಲ ಉರಿಯಿತು. ಆ ದಿನ ಹೊಟ್ಟೆ ಸರಿಯಿಲ್ಲವೆಂದು ತಿಂಡಿಗೆ ಕೊಟ್ಟ ಮಂಡಕ್ಕಿ ಸುಸಲಾ ತಿನ್ನಲಿಲ್ಲ. ಹೊಟ್ಟೆ ಸರಿಯಾಗಿಯೇ ಇತ್ತು.

ಇಂದು ಬೆಳಿಗ್ಗೆ ನಾವೆಲ್ಲ ಮೂರು ಬೆರಳು ಎತ್ತಿ ಪ್ರತಿಜ್ಞೆ ತೆಗೆದುಕೊಂಡೆವು. ನಮ್ಮ ಕೊರಳಿಗೆ ಸ್ಕಾರ್ಫ್ ಹಾಕಿದರು. ಸ್ಕೌಟ್ ಆದವನ ಮಾತನ್ನು ನಂಬಬಹುದು ಎಂಬುದು ಮೊದಲನೇ ನಿಯಮ. ಅದನ್ನು ನಾನೇ ಗಟ್ಟಿಯಾಗಿ ಹೇಳಿಕೊಟ್ಟು ಉಳಿದವರಿಂದ ಹೇಳಿಸಿದೆನು.

ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಎಲ್ಲರೂ ಚಿಂಚೋಳಿ ಬಸ್ ನಿಲ್ದಾಣಕ್ಕೆ ಬಂದು ಇಳಿದೆವು. ನಾನು ಬೂದು ಬಣ್ಣದ ಅಂಗಿ, ಕಡುನೀಲಿ ಪ್ಯಾಂಟು, ನೀಲಿ ಟೋಪಿ, ಬಿಲ್ಲೆಯ ಬೆಲ್ಟು ಹಾಕಿದ್ದೆ. ಹೆಗಲ ಪಟ್ಟಿಯಿಂದ ಸೀಟಿ ಜೋತುಬಿದ್ದಿತ್ತು. ಇದು ಪೊಲೀಸ್ ಸಮವಸ್ತ್ರವಲ್ಲ ಎಂಬುದು ಪೊಲೀಸರಿಗೆ ಗೊತ್ತು. ಗಾಬರಿಯಾದವರಿಗೆ ಗೊತ್ತಾಗುವುದಿಲ್ಲ. ನಮ್ಮವರು ಕೆಲವರು ಚಹಾದಂಗಡಿಗೆ, ಕೆಲವರು ಶೌಚಕ್ಕೆ, ಕೆಲವರು ಸೇಡಂ ಬಸ್ಸು ವಿಚಾರಿಸಲು ಹೋದರು. ನಾನು ತೆಲಂಗಾಣದ ತಾಂಡೂರಿಗೆ ಹೋಗುವ ಬಸ್ಸು ನಿಲ್ಲುವ ಜಾಗದ ಕಂಬದ ಹತ್ತಿರ ಚೀಲದ ಹಗ್ಗ ಬಿಗಿಯುತ್ತಿದ್ದೆನು.

ಅಲ್ಲಿ ಇಬ್ಬರು ಗಂಡಸರ ನಡುವೆ ಒಬ್ಬ ಹುಡುಗಿ ನಿಂತಿದ್ದಳು. ಆಕೆ ಚಿಕ್ಕವಳಾದ್ದರಿಂದ ಹೆಸರು ಬರೆಯಬಾರದೆಂದು ಕೋರಿ, ಇಲ್ಲಿ ಬಾಲಕಿ ಎಂದಷ್ಟೇ ಹೇಳುತ್ತೇನೆ. ಹೊಸ ಸೀರೆ, ಕೈತುಂಬ ಹಸಿರು ಬಳೆ, ಅಂಗೈಗೆ, ಗಲ್ಲಕ್ಕೆ ಅರಿಶಿಣ. ನಾನು ಹೆಂಗಸರ ಮುಖ ನೋಡುವವನಲ್ಲ. ಹದಿನೇಳು ವರ್ಷ ಪ್ರತಿದಿನ ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳ ಕಾಲು ನೋಡಿದವನು. ಸೀರೆಯ ಕೆಳಗೆ ಸರ್ಕಾರ ಶಾಲೆಯ ಮಕ್ಕಳಿಗೆ ಕೊಡುವ ಕಪ್ಪು ಬೂಟು ಇತ್ತು. ಬಲಗಾಲಿನ ಬೂಟಿನ ಪಟ್ಟಿ ಕಿತ್ತಿದ್ದು, ಅದನ್ನು ದಾರದಿಂದ ಹೊಲಿಯಲಾಗಿತ್ತು. ಲಗ್ನದ ಸೀರೆಗೆ ಸಾಲಿ ಬೂಟು ಎಂಥದು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಒಬ್ಬನು ನೀರಿನ ಬಾಟಲಿ ತರಲು, ಇನ್ನೊಬ್ಬನು ಬಸ್ಸಿನ ಬೋರ್ಡು ನೋಡಲು ಆಚೆ ತಿರುಗಿದಾಗ, ಬಾಲಕಿಯು ನೇರವಾಗಿ ನನ್ನ ಕಡೆ ಬಂದು ನನ್ನ ಸ್ಕಾರ್ಫನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆದುಕೊಳ್ಳಬೇಕೆಂದು ನಾನು ಕೋರಿದ ಮೇರೆಗೆ ಹಾಗೆಯೇ ಬರೆಯಲಾಗಿದೆ: "ಪೊಲೀಸ್ ಸಾಹೇಬ್ರ, ನನಗ ತಾಂಡೂರಿಗಿ ಒಯ್ಲಿಕತ್ತಾರ. ನಾಳಿ ಲಗ್ನ ಅದ ಅಂತ. ಆ ಮನಷ್ಯಾಗ ನಾ ನೋಡೇ ಇಲ್ರಿ. ನಮ್ಮವ್ವ ಪುಣೆದಾಗ ದುಡೀಲಿಕ್ಕ ಹೋಗ್ಯಾಳ, ಆಕಿಗಿ ಗೊತ್ತಿಲ್ರಿ. ಬರೋ ತಿಂಗಳ ನನ್ನ ಹತ್ತನೇದ್ದು ಪರೀಕ್ಷಾ ಅದ. ಬಸ್ ಹತ್ಸಬ್ಯಾಡ್ರಿ." ವಯಸ್ಸು ಹೇಳಲಿಲ್ಲ. ಹತ್ತನೇ ತರಗತಿ ಎಂದಿದ್ದರಿಂದ ಹದಿನಾರು ಇರಬಹುದೆಂದು ನನ್ನ ಅಂದಾಜು.

ಆಕೆ ನನ್ನನ್ನು ಪೊಲೀಸ್ ಸಾಹೇಬ್ರ ಎಂದು ಕರೆದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಲ್ಲಮ್ಮಾ, ನಾನು ಮಾಸ್ತರ ಎಂದು ಹೇಳಲು ಒಂದು ಉಸಿರಿನಷ್ಟು ಸಮಯ ಇತ್ತು. ನಾನು ಹೇಳಲಿಲ್ಲ.

ಅಷ್ಟರಲ್ಲಿ ನೀರು ತರಲು ಹೋಗಿದ್ದವನು ಓಡಿಬಂದನು. ಇವನೇ ಧರ್ಮಣ್ಣ, ಬಾಲಕಿಯ ಸೋದರಮಾವ, ನನ್ನ ಮೇಲೆ ದೂರು ಕೊಟ್ಟವನು. ಅವನು ಬಾಲಕಿಯ ರಟ್ಟೆ ಹಿಡಿದು, ನನ್ನ ಮುಖ ನೋಡಿ, "ಯಾಕ್ರಿ, ಏನಾಯ್ತು? ನೀವ್ ಪೊಲೀಸರೇನ್ರಿ?" ಎಂದು ಕೇಳಿದನು. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಹೆಗಲ ಮೇಲಿನ ಸೀಟಿ ತೆಗೆದು ಬಾಯಿಗಿಟ್ಟು ಊದಿದೆನು.

ಏಳು ದಿನದ ಅಭ್ಯಾಸ ನೋಡಿ. ಚಹಾದಂಗಡಿಯಿಂದ, ಶೌಚಾಲಯದ ಕಡೆಯಿಂದ, ಬಸ್ಸಿನ ಬಾಗಿಲಿನಿಂದ ನಮ್ಮವರು ಬಿದ್ದು ಎದ್ದು ಓಡಿಬಂದರು. ಒಬ್ಬರ ಕೈಯಲ್ಲಿ ಚಹಾ ಹಾಗೆಯೇ ಇತ್ತು, ಒಬ್ಬರ ಬಾಯಲ್ಲಿ ಮಿರ್ಚಿ ಭಜಿ. ಮಜೀದಸಾಬ ಇವತ್ತು ಎಲ್ಲರಿಗಿಂತ ಮೊದಲು ಬಂದರು. ಬಂದವರೆಲ್ಲ ಏನು ಎತ್ತ ಕೇಳದೆ ನಮ್ಮ ಸುತ್ತ ಲಾಳದ ಆಕಾರದಲ್ಲಿ ಅಲುಗದೆ ನಿಂತರು. ಇನ್ನೊಬ್ಬ ಗಂಡಸು ಚೀಲವನ್ನು ಅಲ್ಲೇ ಬಿಟ್ಟು ಗೋಡೆಯ ಹಿಂದೆ ಮಾಯವಾದನು. ಅವನು ಯಾರೆಂದು ನನಗೆ ಗೊತ್ತಿಲ್ಲ. ಧರ್ಮಣ್ಣನು ರಟ್ಟೆ ಬಿಟ್ಟು, "ತಪ್ಪಾಯ್ತ್ರಿ ಸಾಹೇಬ್ರ" ಎಂದು ಕೈಮುಗಿದನು. ನಾನು, "ಕುಂದ್ರು ಕೆಳಗ" ಎಂದೆ. ಅವನು ನೆಲದ ಮೇಲೆ ಕುಳಿತನು.

ಮುಚ್ಚಿಡುವುದೇಕೆ, ನನಗೆ ಭಾಳ ಖುಷಿಯಾಯಿತು. ಹದಿನೇಳು ವರ್ಷದಲ್ಲಿ ಒಂದೇ ಮಾತಿಗೆ ಯಾರೂ ಹಾಗೆ ಕುಳಿತಿರಲಿಲ್ಲ. ಐನಾಪುರದಲ್ಲೇ ಉಳಿದಿದ್ದ ಸಿದ್ಧಲಿಂಗ ಅವರು ಆ ಹೊತ್ತಿನಲ್ಲಿ ಅಲ್ಲಿದ್ದು ನೋಡಬೇಕಿತ್ತು ಎಂದೂ ಅನ್ನಿಸಿತು.

ನಮ್ಮ ಜೊತೆ ತರಬೇತಿ ಪಡೆದ ಲುಂಬಿನಿ ಎಂಬ ಸೇಡಂನ ಶಿಕ್ಷಕಿ ಬಾಲಕಿಯನ್ನು ಪಕ್ಕದ ಬೆಂಚಿಗೆ ಕರೆದುಕೊಂಡು ಹೋಗಲು ನೋಡಿದರು. ಬಾಲಕಿ ನನ್ನ ಸ್ಕಾರ್ಫ್ ಬಿಡಲಿಲ್ಲ, ಆದ್ದರಿಂದ ನಾನೂ ಹೋಗಿ ಕುಳಿತೆ. ಲುಂಬಿನಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಸ್ವಲ್ಪ ಹೊತ್ತಿನಲ್ಲಿ ಠಾಣೆಯಿಂದ ಇಬ್ಬರು ಪೊಲೀಸರು ಬಂದು ನೀವು ಯಾರು ಎಂದು ನನ್ನನ್ನು ಕೇಳಿದರು. ಆಗ ನಾನು ಪೊಲೀಸ್ ಅಲ್ಲ, ವಾಡಿಯ ಮಾಸ್ತರನೆಂದು ಹೇಳಿದೆ.

ಇದನ್ನು ಕೇಳಿದ ಕೂಡಲೇ ಧರ್ಮಣ್ಣನು ನೆಲದಿಂದ ಎದ್ದು, "ಇವ ಮಾಸ್ತರ ಅದಾನೇನು! ಹುಡುಗ್ರಿಗಿ ಕವಾಯತ್ ಕಲ್ಸಾವ ನನಗ ನೆಲಕ್ಕ ಕೂಡಸ್ತಾನ?" ಎಂದು ಕೂಗಾಡಿದನು. ಅದು ನನಗೆ ತಾಗಲಿಲ್ಲ. ಬಾಲಕಿ ನನ್ನ ಟೋಪಿ ನೋಡಿದಳು, ಬೆಲ್ಟು ನೋಡಿದಳು, ಆಮೇಲೆ ಬಂದ ಇಬ್ಬರು ಪೊಲೀಸರನ್ನು ನೋಡಿದಳು. ಆಮೇಲೆ ಮುಷ್ಟಿ ಬಿಟ್ಟಳು. ಅದು ತಾಗಿತು. ಅಲ್ಲಿಂದ ಈವರೆಗೆ ಆಕೆ ಯಾರ ಹತ್ತಿರವೂ ಒಂದು ಮಾತೂ ಆಡಿಲ್ಲ. ನಮ್ಮನ್ನೆಲ್ಲ ಠಾಣೆಗೆ ಕರೆತಂದ ಮೇಲೆ ಮಹಿಳಾ ಪೊಲೀಸರು ಎಷ್ಟು ಅಕ್ಕರೆಯಿಂದ ಕೇಳಿದರೂ ತಲೆ ಎತ್ತಿಲ್ಲ.

ಧರ್ಮಣ್ಣನ ದೂರು ಹೀಗಿದೆ: ಬಾಲಕಿಗೆ ಹತ್ತೊಂಬತ್ತು ವರ್ಷ, ತಾಂಡೂರಿನಲ್ಲಿ ಬೇರೆಯವರ ಲಗ್ನಕ್ಕೆ ತಾನಾಗಿ ಹೊರಟಿದ್ದಳು, ನಾನು ಪೊಲೀಸ್ ವೇಷ ಹಾಕಿ ಜನ ಕೂಡಿಸಿ ಹೆದರಿಸಿ ಆಕೆಯನ್ನು ಎಳೆದುಕೊಂಡೆನು. ಬಾಲಕಿ ಬಾಯಿ ಬಿಡದ ಕಾರಣ, ಆಕೆ ಹೇಳಿದ್ದು ಈಗ ನನ್ನೊಬ್ಬನ ಹತ್ತಿರ ಇದೆ. ನನ್ನ ಮಾತು ಬಿದ್ದರೆ ನಾಳೆ ಆಕೆ ಅದೇ ಬಸ್ಸು ಹತ್ತಬೇಕಾದೀತೆಂದು ನನಗೆ ಭಯವಿದೆ.

ನಾನು ಈ ಕೋಣೆಗೆ ಬರುವ ಮುಂಚೆ ಹೊರಗೆ ಬೇವಿನ ಗಿಡದ ಕೆಳಗೆ ಮಜೀದಸಾಬ ನನ್ನನ್ನು ಬದಿಗೆ ಕರೆದು, "ಅರೇ ಭಾಯಿ, ಅವ ಪೊಲೀಸರೇನ್ರಿ ಅಂತ ಕೇಳೇ ಇಲ್ಲ ಅಂತ ಬರಸ್ರಿ. ಬಸ್ ಬಂತು, ನಮ್ಮ ಮಂದಿಗಿ ಕರೀಲಿಕ್ಕ ಸೀಟಿ ಹೊಡದೆ ಅನ್ರಿ. ನಾವ್ ಇಷ್ಟ್ ಮಂದಿ ಅದೀವಿ, ಎಲ್ಲಾರೂ ಒಂದೇ ಮಾತ್ ಹೇಳ್ತೀವಿ" ಎಂದರು. ನಾನು, ಚಾಚಾ, ಮುಂಜಾನೆ ಎತ್ತಿದ ಮೂರು ಬೆರಳು ಸಂಜೆಯೊಳಗೆ ಮಡಚಬೇಕೇನ್ರಿ ಎಂದು ಕೇಳಿದೆ. ಅದಕ್ಕೆ ಅವರು, "ಬೆರಳ್ ನಿಮ್ಮುವು ಖರೆ. ಮನ್ಯಾಗ ಎರಡು ಮಕ್ಕಳು ಅದಾವಲ್ಲ, ಅವೂ ನಿಮ್ಮುವೇ. ನೌಕರಿ ಉಳದ್ರ ನಿಯಮ ಮತ್ತ ಕಲಿಬೌದು" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಪ್ರೀತಿಯಿಂದ ಹೇಳಿದ ಮಾತು. ಕೇಸಾದರೆ ನನ್ನ ಅಮಾನತು ಆಗುತ್ತದೆ ಎಂಬುದೂ ನನಗೆ ಗೊತ್ತಿದೆ.

ಧರ್ಮಣ್ಣ ಕೇಳಿದಾಗ ಅವನ ಮತ್ತು ನನ್ನ ನಡುವೆ ಬಾಲಕಿ ನಿಂತಿದ್ದಳು. ಅವನು ಕೇಳಿದ್ದು ಆಕೆಗೆ ಗೊತ್ತು. ನಾನು ಉತ್ತರ ಕೊಡದೆ ಊದಿದ್ದೂ ಗೊತ್ತು. ಕೇಳಲೇ ಇಲ್ಲವೆಂದು ನಾನು ಈಗ ಬರೆಸಿದರೆ, ಆಕೆಯ ಲೆಕ್ಕದಲ್ಲಿ ನಾನು ಇನ್ನೊಬ್ಬ ಧರ್ಮಣ್ಣ. ಜೋಳದ ಚೀಲದಲ್ಲಿ ಕೈ ಹಾಕಿದಾಗ ಹಿಡಿಯಲ್ಲಿ ಹುಳ ಬಂದರೆ ಯಾರೂ ಚೀಲ ಕೊಳ್ಳುವುದಿಲ್ಲ. ಆದ್ದರಿಂದ ನನ್ನ ತಪ್ಪನ್ನು ಮತ್ತು ಆಕೆಯ ಮಾತನ್ನು ಒಂದೇ ಬಾಯಿಂದ ಹೇಳಿದ್ದೇನೆ. ಒಂದನ್ನು ನಂಬಿದರೆ ಇನ್ನೊಂದನ್ನೂ ನಂಬಬೇಕೆಂದು ಕೇಳಿಕೊಳ್ಳುತ್ತೇನೆ. ಪೊಲೀಸ್ ಎಂದು ತಿಳಿಯಲು ಬಿಟ್ಟಿದ್ದಕ್ಕೆ ಕಾನೂನಿನಲ್ಲಿ ಏನಿದೆಯೋ ಅದು ಆಗಲಿ.

ನನ್ನ ಟೋಪಿ, ಬೆಲ್ಟು, ಸೀಟಿ ಮತ್ತು ಸ್ಕಾರ್ಫನ್ನು ಠಾಣೆಗೆ ಒಪ್ಪಿಸಿದ್ದೇನೆ. ಸ್ಕಾರ್ಫಿನ ತುದಿಯಲ್ಲಿ ಬಾಲಕಿಯ ಬೆವೆತ ಕೈಯಿಂದ ಹತ್ತಿದ ಅರಿಶಿಣದ ಗುರುತಿದೆ. ಬೇರೆಯವರ ಲಗ್ನಕ್ಕೆ ಹೋಗುವವರು ಅಂಗೈಗೆ ಇಷ್ಟು ಅರಿಶಿಣ ಹಚ್ಚಿಕೊಳ್ಳುವುದಿಲ್ಲ. ಅದನ್ನು ಒಗೆಯದೆ ಕೊಟ್ಟಿದ್ದೇನೆ.

ಹೊರಗೆ ಕುಳಿತಿರುವ ನಮ್ಮವರಿಗೆ, ಸೇಡಂ ಕಡೆಯ ಬಸ್ಸು ಹೊರಡುತ್ತದೆ, ಮನೆಗೆ ಹೋಗ್ರಿ ಎಂದು ಎರಡು ಸಲ ಹೇಳಿ ಕಳಿಸಿದೆ. ಯಾರೂ ಹೋಗಿಲ್ಲ. ಈಗ ಬಾಗಿಲ ಹತ್ತಿರ ಸಿದ್ಧಲಿಂಗ ಅವರ ದನಿಯೂ ಕೇಳಿಸಿತು. ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಸೀಟಿಯಂತೂ ಸಾಹೇಬರ ಮೇಜಿನ ಮೇಲಿದೆ.

ನನ್ನ ಕೊನೆಯ ಕೋರಿಕೆ: ಈ ಹೇಳಿಕೆಯನ್ನು ನನಗೆ ಓದಿ ಹೇಳುವ ಮುಂಚೆ ಪಕ್ಕದ ಕೋಣೆಯಲ್ಲಿರುವ ಬಾಲಕಿಗೆ ಓದಿ ಹೇಳಬೇಕು. ನಾನು ಪೊಲೀಸ್ ಅಲ್ಲ ಎಂಬ ಸಾಲನ್ನು ಬಿಡದೆ ಓದಬೇಕು.

ಅದರಂತೆ ಅಧಿಕಾರಿಗಳ ಒಪ್ಪಿಗೆ ಪಡೆದು, ಮಹಿಳಾ ಪೊಲೀಸರ ಸಮಕ್ಷಮ ಲುಂಬಿನಿ ಇವರು ಮೇಲಿನದನ್ನು ಮೊದಲಿನಿಂದ ಕೊನೆಯವರೆಗೆ ಬಾಲಕಿಗೆ ಓದಿ ಹೇಳಿದರು. ಓದಿ ಮುಗಿದ ಮೇಲೆ ಬಾಲಕಿಯು ತಲೆ ಎತ್ತಿ, ಇದರಲ್ಲಿ ಒಂದು ತಪ್ಪಾಗಿದೆ ಎಂದಳು. "ಹದಿನಾರಲ್ರಿ ನನಗ. ಹದಿನೈದು. ಶ್ರಾವಣದಾಗ ಹದಿನಾರು ಆಗ್ತಾವ. ಉಳದದ್ದು ನಾನೇ ಹೇಳ್ತೀನಿ, ಬರ್ಕೋರಿ."

ವಯಸ್ಸನ್ನು ಆಕೆ ಹೇಳಿದಂತೆ ಹದಿನೈದು ಎಂದು ತಿಳಿಯತಕ್ಕದ್ದು. ಮಿಕ್ಕಂತೆ ಮೇಲೆ ಬರೆದದ್ದು ನಾನು ಕಂಡದ್ದು, ಕೇಳಿದ್ದು, ಮಾಡಿದ್ದು ಮತ್ತು ಮಾಡದೆ ಬಿಟ್ಟದ್ದು. ಓದಿಸಿ ಕೇಳಿದ್ದೇನೆ, ಸರಿಯಿದೆ.

ಸ್ಥಳ: ಚಿಂಚೋಳಿ
ದಿನಾಂಕ: 08-02-2025
ಸಹಿ: ದೇವಾನಂದ ಲಾಲಪ್ಪ ಕಟ್ಟಿಮನಿ, ಮಾಸ್ತರ